ಮೇಸ್ತ್ರಿ ಹುಡುಕಿದ್ದು, ಸ್ಲ್ಯಾಬ್ ಒಡೆದದ್ದು

ನಾನು ಎಂಜಿನಿಯರ್ ಅಲ್ಲ, ಡಿಪ್ಲೊಮಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೆಲಸ ಮಾಡಿದ ಅಷ್ಟೂ ವರ್ಷ ಇದನ್ನು ನನಗೆ ನೆನಪು ಮಾಡಿಕೊಡುವ ಜವಾಬ್ದಾರಿಯನ್ನು ಊರಿನವರೇ ಹೊತ್ತುಕೊಂಡಿದ್ದರು. ಶಿವಮೊಗ್ಗದ ವಿನೋಬನಗರದಲ್ಲಿ, ಒಂದು ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ನನ್ನ ಆಫೀಸು ಇತ್ತು. ಮನೆಯ ನಕ್ಷೆ ಬರೆಯುವುದು, ಅದನ್ನು ಮಂಜೂರು ಮಾಡಿಸುವುದು, ಕಟ್ಟುವ ಮೇಸ್ತ್ರಿಯನ್ನು ಹುಡುಕಿಕೊಡುವುದು, ಕಟ್ಟುವಾಗ ಬಿಸಿಲಲ್ಲಿ ನಿಂತು ನೋಡುವುದು. ಇಷ್ಟೇ ಕೆಲಸ. ಬಡ್ತಿ ಗಿಡ್ತಿ ಏನೂ ಇರಲಿಲ್ಲ. ಒಮ್ಮೆ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದೆ.

ಈಗ ಇದೇ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, "ಆಂಟಿ, ನಂಬೋ ಅಂಥ ಕಂಟ್ರಾಕ್ಟರ್ ಅಂತ ಹೆಂಗೆ ಗೊತ್ತು ಮಾಡೋದು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲವರಿಗೆ ಸಿಟ್ಟು ಬರುವ ಮಾತುಗಳು ಇದರಲ್ಲಿವೆ. ಬರಲಿ.

ಸ್ವಂತ ಆಫೀಸು ಹಾಕುವ ಮೊದಲು ನಾನು ನಂಜುಂಡಯ್ಯನವರ ಹತ್ತಿರ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಅವರು ನಿಜವಾದ ಎಂಜಿನಿಯರು, ಒಳ್ಳೆಯ ಮನುಷ್ಯ, ಮಹಾ ಅಂಜುಬುರುಕ. ನನ್ನನ್ನು ಸೈಟಿಗೆ ಕಳಿಸಲು ಅವರಿಗೆ ಇಷ್ಟವಿರಲಿಲ್ಲ. "ಗಿರಿಜಾ, ನೀನು ಫ್ಯಾನ್ ಕೆಳಗೆ ಕೂತು ಟ್ರೇಸಿಂಗ್ ಮಾಡಮ್ಮ, ಸೈಟಲ್ಲಿ ಜನ ಸರಿಯಿರಲ್ಲ" ಎನ್ನುತ್ತಿದ್ದರು. ಜನ ಸರಿಯಿಲ್ಲದಿದ್ದರೆ ಅವರು ಕಟ್ಟುವ ಗೋಡೆ ಹೇಗೆ ಸರಿಯಿರುತ್ತದೆ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಒಂದು ದಿನ ಅವರಿಗೆ ಜ್ವರ ಬಂದಾಗ ನಾನೇ ಸೈಟಿಗೆ ಹೋದೆ. ಮಾರನೆಯ ದಿನ ಸ್ಲ್ಯಾಬ್ ಹಾಕುವುದಿತ್ತು. ಕಾಂಕ್ರೀಟಿಗೆ ಅಚ್ಚಾಗಿ ಹೊಡೆದ ಸೆಂಟ್ರಿಂಗ್ ಹಲಗೆಯ ಮೇಲೆ ಕಂಬಿ ಕಟ್ಟಿದ್ದರು. ಏಣಿಗೆ ಕಾಲಿಟ್ಟ ಕೂಡಲೇ ಅಲ್ಲಿನ ಕಂಟ್ರಾಕ್ಟರು ಕೈ ಅಡ್ಡ ಹಿಡಿದು, "ಹೆಂಗಸ್ರು ಸೆಂಟ್ರಿಂಗ್ ಹತ್ತಬಾರ್ದು ಮೇಡಂ, ಸ್ಲ್ಯಾಬ್ ಬಿರುಕು ಬಿಡುತ್ತೆ, ಇದು ಮೊದ್ಲಿಂದ ಬಂದಿರೋದು" ಎಂದ. "ನಾಳೆ ಕಾಂಕ್ರೀಟಿನ ಬಾಂಡ್ಲಿ ಹೊತ್ತುಕೊಂಡು ಹತ್ತುವವರು ಯಾರು?" ಎಂದು ಕೇಳಿದೆ. ಏಣಿಯ ಬುಡದಲ್ಲೇ ಕೂತಿದ್ದ ಕೂಲಿ ಹೆಂಗಸರು ನಕ್ಕುಬಿಟ್ಟರು. ದಿನವಿಡೀ ಬಾಂಡ್ಲಿ ಹೊರುವ ಹೆಂಗಸಿನಿಂದ ಬಿರುಕು ಬಿಡದ ಸ್ಲ್ಯಾಬು, ಟೇಪು ಹಿಡಿದ ಹೆಂಗಸಿನಿಂದ ಮಾತ್ರ ಬಿರುಕು ಬಿಡುತ್ತದಂತೆ! ಹತ್ತಿದೆ. ಎಂಟು ಇಂಚಿಗೊಂದು ಇರಬೇಕಾದ ಕಂಬಿ ಹನ್ನೊಂದು ಇಂಚಿಗೊಂದಿತ್ತು. ಈ ಶಾಸ್ತ್ರವನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದು ಅವತ್ತು ತಿಳಿಯಿತು.

ಸ್ವಂತ ಆಫೀಸು ಹಾಕಿದ ಮೇಲೆ ನನ್ನ ದೊಡ್ಡ ಜಗಳ "ನಮ್ಮವರು" ಎಂಬ ಪದದ ಜೊತೆ. ಮನೆ ಕಟ್ಟಿಸುವವರು ಬಂದು ಕೂತು, ನಕ್ಷೆ ಇನ್ನೂ ಬರೆಯುವ ಮೊದಲೇ, "ಕಂಟ್ರಾಕ್ಟರ್ ಯೋಚನೆ ಇಲ್ಲ ಮೇಡಂ, ನಮ್ಮೋರೇ ಒಬ್ರಿದಾರೆ" ಎನ್ನುತ್ತಿದ್ದರು. ನಮ್ಮವರೆಂದರೆ ನಮ್ಮ ಜನ, ನಮ್ಮ ಬೀದಿ, ಭಾವಮೈದುನನ ದೋಸ್ತ್. ಸಿಮೆಂಟಿಗೆ ನಮ್ಮವರು ನಿಮ್ಮವರು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ನೀರು ಮಾತ್ರ. ಹೀಗೆ ಹೇಳಿ ಎಷ್ಟು ಗಿರಾಕಿಗಳನ್ನು ಕಳೆದುಕೊಂಡೆನೋ.

ನಾನು ಮೇಸ್ತ್ರಿಯನ್ನು ನೋಡುತ್ತಿದ್ದ ರೀತಿ ಬೇರೆ. ಅವನು ಹೊಸದಾಗಿ ಕಟ್ಟಿದ ಮನೆಗೆ ಹೋಗುತ್ತಿರಲಿಲ್ಲ. ಗೃಹಪ್ರವೇಶದ ದಿನ ಎಲ್ಲ ಮನೆಯೂ ಮದುಮಗಳೇ. ಕಟ್ಟಿ ಮೂರು ಮಳೆಗಾಲ ಕಳೆದ ಮನೆಗೆ ಹೋಗುತ್ತಿದ್ದೆ. ಅಲ್ಲಿ ಯಜಮಾನರನ್ನು ಮಾತಾಡಿಸುತ್ತಿರಲಿಲ್ಲ. ತಾನು ಆರಿಸಿದ ಕಂಟ್ರಾಕ್ಟರನ್ನು ಯಾವ ಗಂಡಸೂ ಬೈಯುವುದಿಲ್ಲ, ಬೈದರೆ ತನ್ನನ್ನೇ ಬೈದುಕೊಂಡ ಹಾಗೆ. ನೆಲ ಒರೆಸುವವರು ಯಾರೋ ಅವರನ್ನು ಕೇಳುತ್ತಿದ್ದೆ. ಅವರಿಗೆ ಮನೆಯ ಒಂದೊಂದು ತಗ್ಗೂ ಗೊತ್ತು. ಬಚ್ಚಲಿಗೆ ಹೋಗಿ ಒಂದು ಬಕೆಟ್ ನೀರು ಸುರಿಯುತ್ತಿದ್ದೆ. ನೀರು ತೂತಿನ ಕಡೆ ಹೋದರೆ ಮೇಸ್ತ್ರಿಗೆ ಮರ್ಯಾದೆ ಇದೆ. ಬಾಗಿಲ ಕಡೆ ಬಂದರೆ ಇಲ್ಲ.

ಇದಲ್ಲದೆ ಇನ್ನೊಂದು ಪರೀಕ್ಷೆಯಿತ್ತು. ಅದರ ಬಗ್ಗೆ ನಂಜುಂಡಯ್ಯನವರು ಕೊನೆಯವರೆಗೂ ನನ್ನ ಮೇಲೆ ಬೇಸರ ಮಾಡಿಕೊಂಡಿದ್ದರು. ರೇಟು ಹೇಳಲು ಮೇಸ್ತ್ರಿಗಳಿಗೆ ಕೊಡುವ ನಕ್ಷೆಯಲ್ಲಿ ನಾನು ಬೇಕೆಂದೇ ಒಂದು ತಪ್ಪು ಬರೆಯುತ್ತಿದ್ದೆ. ಹೆಚ್ಚಾಗಿ ಮೆಟ್ಟಿಲಿನಲ್ಲಿ. ಮೆಟ್ಟಿಲು ಹತ್ತುವವನ ತಲೆ ತಾಗದಿರಲು ಮೇಲಿನ ಸ್ಲ್ಯಾಬಿನಲ್ಲಿ ಉದ್ದಕ್ಕೆ ಕಿಂಡಿ ಬಿಡಬೇಕಲ್ಲ, ಅದನ್ನು ಮೂರು ಅಡಿ ಗಿಡ್ಡ ಮಾಡಿ ಬರೆಯುತ್ತಿದ್ದೆ. ಕಾಗದ ಮಾತ್ರ ನೋಡುವವನಿಗೆ ಅದು ಕಾಣುವುದಿಲ್ಲ. ಮನಸ್ಸಿನಲ್ಲೇ ಒಮ್ಮೆ ಆ ಮೆಟ್ಟಿಲು ಹತ್ತಿ ನೋಡುವವನಿಗೆ ತಕ್ಷಣ ತಲೆಗೆ ಬಡಿಯುತ್ತದೆ. "ಇದು ಮೋಸ ಕಣಮ್ಮ" ಎಂದರು ನಂಜುಂಡಯ್ಯನವರು. ಹುಡುಗಿ ನೋಡಲು ಹೋದಾಗ ನಡೆಸಿ, ಹಾಡಿಸಿ ನೋಡುತ್ತಿದ್ದ ಕಾಲದವರಿಗೆ, ಮೇಸ್ತ್ರಿಯನ್ನು ಒಂದು ಸಲ ಪರೀಕ್ಷೆ ಮಾಡಿದರೆ ಮೋಸವೇ?

ಹತ್ತರಲ್ಲಿ ಎಂಟು ಜನ ಆ ತಪ್ಪಿಗೂ ರೇಟು ಹಾಕಿ ತರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯಿಂದ ಬಸವಣ್ಯಪ್ಪ ಮತ್ತು ಅವರ ಹೆಂಡತಿ ನಾಗರತ್ನಮ್ಮ ಬಂದರು. ಬಸವಣ್ಯಪ್ಪ ಕಾರ್ಖಾನೆಯ ಕುಲುಮೆಯ ಹತ್ತಿರ ದುಡಿದವರು, ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು. ನಿವೃತ್ತಿ ಹತ್ತಿರವಿತ್ತು. ನಿವೃತ್ತರಾದ ಮೇಲೆ ಗೊತ್ತಾದ ದಿನಕ್ಕೆ ಕಾರ್ಖಾನೆ ಕೊಟ್ಟಿದ್ದ ಕ್ವಾಟ್ರಸ್ ಖಾಲಿ ಮಾಡಲೇಬೇಕು. ಇರುವುದೊಂದು ಸೈಟು, ಬರುವುದೊಂದು ಗಂಟು. ಎರಡನೇ ಮನೆ ಕಟ್ಟುವ ಮಾತೇ ಇಲ್ಲ. ನಾಗರತ್ನಮ್ಮ ಕ್ವಾಟ್ರಸ್ಸಿನ ವರಾಂಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. "ಮೇಲೊಂದು ರೂಮು ಬೇಕು ಮೇಡಂ, ಅದು ನನ್ ಕ್ಲಾಸಿಗೆ. ಇವ್ರು ರಿಟೈರ್ ಆಗ್ಬಹುದು, ನಾನಾಗಲ್ಲ" ಎಂದರು. ಆ ಮಾತಿಗೇ ನನಗೆ ಅವರು ಹಿಡಿಸಿಬಿಟ್ಟರು.

ಅವರ ಜೊತೆ ನಾಗರತ್ನಮ್ಮನ ತಮ್ಮ ಲೋಕೇಶನೂ ಬಂದಿದ್ದ. "ಕಂಟ್ರಾಕ್ಟರ್ ನನ್ ದೋಸ್ತೇ. ಭಾವ ಆಗ್ಲೇ ಎಲೆಅಡಿಕೆ ಕೊಟ್ಟಾಗಿದೆ" ಎಂದ. ನಮ್ಮ ಕಡೆ ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ಮೇಸ್ತ್ರಿಯ ಕೈಗೆ ಕೊಟ್ಟರೆ ಮುಗಿಯಿತು. ವಾಪಸ್ ಕೇಳುವುದೆಂದರೆ ನಿಶ್ಚಿತಾರ್ಥ ಮುರಿದಂತೆ. ನಾನು, "ಎಲೆಅಡಿಕೆ ಯಾರಿಗಾದರೂ ಕೊಟ್ಟಿರಿ, ನನ್ನ ನಕ್ಷೆಯನ್ನು ಮಾತ್ರ ಮೂವರಿಗೆ ಕೊಡುತ್ತೇನೆ" ಎಂದೆ. ತಪ್ಪು ಮೆಟ್ಟಿಲಿನ ಹಾಳೆಯನ್ನು ಮೂವರಿಗೆ ಕೊಟ್ಟೆ.

ಲೋಕೇಶನ ದೋಸ್ತು ಎರಡೇ ದಿನದಲ್ಲಿ ರೇಟು ತಂದ. ಏನಾದರೂ ಕೇಳುವುದಿದೆಯಾ ಎಂದರೆ, "ಏನೂ ಇಲ್ಲ ಮೇಡಂ, ಎಲ್ಲಾ ಆಗುತ್ತೆ" ಎಂದ. ಶಿವಮೊಗ್ಗದ ಇನ್ನೊಬ್ಬರು ಕಾರಿನಿಂದ ಇಳಿಯದೆಯೇ ಚೀಟಿ ಕೊಟ್ಟು ಹೋದರು. ಮೂರನೆಯವರು ಭದ್ರಾವತಿಯ ಪೆರುಮಾಳ್ ಮೇಸ್ತ್ರಿ. ಮನೆಮಾತು ತಮಿಳು, ಕನ್ನಡ ಓದಲು ಬಾರದು, ಆದರೆ ಗೆರೆಗಳನ್ನು ಓದುತ್ತಿದ್ದರು. ಒಂದು ವಾರ ಬರಲೇ ಇಲ್ಲ. ಆಮೇಲೆ ಬಂದವರು ರೇಟು ಹೇಳಲಿಲ್ಲ, ಮೆಟ್ಟಿಲಿನ ಮೇಲೆ ಬೆರಳಿಟ್ಟು, "ಏನ್ ಮೇಡಂ, ಇದ್ರಲ್ಲಿ ಮನ್ಷ ಹತ್ತೋದಾ, ಆಡು ಹತ್ತೋದಾ?" ಎಂದರು.

ನಾನು ನಕ್ಕು, ಸರಿಯಾದ ಹಾಳೆ ತೆಗೆದುಕೊಟ್ಟೆ.

ಆದರೆ ಎಲೆಅಡಿಕೆ? ಬಸವಣ್ಯಪ್ಪನವರಿಗೆ ಅದೇ ಕಷ್ಟವಾಯಿತು. "ಮಾತು ಕೊಟ್ಟಿದೀನಿ ಮೇಡಂ, ಹೆಂಗೆ ಹಿಂದಕ್ಕೆ ತಗೊಳ್ಳಲಿ?" ಎಂದರು. ನಾನು ವಾದ ಮಾಡಲಿಲ್ಲ. ಲೋಕೇಶನ ದೋಸ್ತು ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆಗೆ ಇಬ್ಬರನ್ನೂ ಕರೆದುಕೊಂಡು ಹೋದೆ. ಕಾಲು ತೊಳೆಯುವ ನೆಪದಲ್ಲಿ ನಾಗರತ್ನಮ್ಮನೇ ಬಚ್ಚಲಿಗೆ ಹೋಗಿ ಬಕೆಟ್ ಸುರಿದರು. ನೀರು ಮೂಲೆಯಲ್ಲಿ ಸ್ವಲ್ಪ ಯೋಚನೆ ಮಾಡಿ, ಮೆಲ್ಲಗೆ ನಡುಮನೆಯ ಕಡೆ ಹೊರಟಿತು. ಆ ಮನೆಯಾಕೆ ಪೊರಕೆ ಹಿಡಿದು ಓಡಿ ಬಂದು, "ಅಯ್ಯೋ, ಅದು ಹಂಗೇ ಕಣ್ರೀ. ದಿನಾ ಅತ್ಲಾಗೆ ತಳ್ತೀನಿ. ನಮ್ಮನೆಯೋರ್ಗೆ ಹೇಳಿದ್ರೆ, ಸುಮ್ನಿರು, ನಮ್ಮೋನು ಅಂತಾರೆ" ಎಂದಳು.

ಹೊರಗೆ ಬಂದು ನಾಗರತ್ನಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತ ಗಂಡನಿಗೆ ಹೇಳಿದರು, "ಎಲೆಅಡಿಕೆ ಕೊಟ್ಟಿದ್ದು ನೀವು. ಪೊರಕೆ ಹಿಡಿಯೋಳು ನಾನು. ನಾನಂತೂ ಯಾರಿಗೂ ಮಾತು ಕೊಟ್ಟಿಲ್ಲ." ಅಲ್ಲಿಗೆ ಪೆರುಮಾಳ್ ಎಂದೇ ತೀರ್ಮಾನವಾಯಿತು. ಲೋಕೇಶ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ. ನನ್ನ ಬಗ್ಗೆ ಮಾತಾಡುವುದನ್ನು ಬಿಡಲಿಲ್ಲ.

ಇಲ್ಲಿಯವರೆಗಿನ ಕಥೆಯನ್ನು ನಾನು ಎಷ್ಟೋ ಮಂದಿಗೆ ಹೇಳಿ ಮೆಚ್ಚುಗೆ ಪಡೆದಿದ್ದೇನೆ. ಮುಂದಿನದನ್ನು ಅಷ್ಟಾಗಿ ಹೇಳಿಲ್ಲ.

ಗೋಡೆ ಮೇಲಕ್ಕೆ ಬಂದು, ಸ್ಲ್ಯಾಬಿಗೆ ಸೆಂಟ್ರಿಂಗ್ ಶುರುವಾಗುವ ಹೊತ್ತಿಗೆ ಪೆರುಮಾಳ್ ಅವರ ತಾಯಿ ತೀರಿಕೊಂಡ ಸುದ್ದಿ ಬಂತು. ತಮಿಳುನಾಡಿನ ಊರಿಗೆ ಹೊರಟು ನಿಂತವರು, "ನಾ ಬರೋ ತನಕ ಸ್ಲ್ಯಾಬ್ ಹಾಕ್ಬೇಡಿ ಮೇಡಂ" ಎಂದರು. ಮಳೆಗಾಲ ಹತ್ತಿರ ಬರುತ್ತಿತ್ತು. ಕ್ವಾಟ್ರಸ್ ಬಿಡುವ ದಿನವೂ ಹತ್ತಿರ ಬರುತ್ತಿತ್ತು. "ನಾನಿಲ್ಲವಾ? ನೀವು ಹೋಗಿ ಬನ್ನಿ" ಎಂದು ಕಳಿಸಿದೆ. ಅವರ ಕೆಳಗಿದ್ದ ಗಾರೆ ಕೆಲಸದ ಸೆಲ್ವನಿಗೆ ಕೆಲಸ ಮುಂದುವರಿಸಲು ಹೇಳಿದೆ. ಸೈಟಿನ ಹಾಳೆ ನೆನೆದು ಹರಿದಿದೆ, ಬೇರೆ ಬೇಕು ಎಂದ ಸೆಲ್ವ. ಆಗೆಲ್ಲ ತೆಳು ಪಾರದರ್ಶಕ ಹಾಳೆಯಲ್ಲಿ ಬರೆದ ಟ್ರೇಸಿಂಗಿನಿಂದ ಅಮೋನಿಯಾ ಪ್ರಿಂಟು ತೆಗೆಸುವುದು. ತಪ್ಪಿನ ಟ್ರೇಸಿಂಗು, ಸರಿಯಾದ ಟ್ರೇಸಿಂಗು ಎರಡನ್ನೂ ನಾನು ಒಂದೇ ಡಬ್ಬಿಯಲ್ಲಿ ಸುತ್ತಿಟ್ಟಿದ್ದೆ. ಕೈಗೆ ಸಿಕ್ಕಿದ್ದನ್ನು ಕೊಟ್ಟು ಎರಡು ಪ್ರಿಂಟು ತೆಗೆಸಿದೆ. ಒಂದನ್ನು ಸೈಟಿಗೆ ಕಳಿಸಿದೆ, ಒಂದನ್ನು ನಾನಿಟ್ಟುಕೊಂಡೆ.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಸೆಂಟ್ರಿಂಗ್ ಹತ್ತಿ ನಾನೇ ಟೇಪು ಹಿಡಿದು ಪ್ರತಿಯೊಂದನ್ನೂ ಅಳೆದೆ. ಮೆಟ್ಟಿಲಿನ ಕಿಂಡಿಯನ್ನೂ ಅಳೆದೆ. ಹಾಳೆಯಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು, ಕಾಲಿಂಚು ವ್ಯತ್ಯಾಸವಿಲ್ಲ. "ಭೇಷ್ ಸೆಲ್ವ" ಎಂದು ಬೆನ್ನು ತಟ್ಟಿ ಬಂದೆ.

ಒಂದು ತಿಂಗಳಾದ ಮೇಲೆ ಪೆರುಮಾಳ್ ಊರಿನಿಂದ ಬಂದರು. ಬೋಳಿಸಿದ ತಲೆಯ ಮೇಲೆ ಕೂದಲು ಇನ್ನೂ ಚಿಗುರುತ್ತಿತ್ತು. ಸೈಟಿಗೆ ಹೋದವರು ಅಲ್ಲಿಂದ ನೇರ ಶಿವಮೊಗ್ಗದ ಬಸ್ಸು ಹತ್ತಿ ನನ್ನ ಆಫೀಸಿಗೆ ಬಂದು, ಮಡಿಸಿದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು.

"ಮೇಡಂ, ಇದು ಆ ಆಡಿನ ಶೀಟು."

ಸ್ಲ್ಯಾಬ್ ಕಲ್ಲಾಗಿ ಕೂತಿದೆ. ಮೆಟ್ಟಿಲು ಏಳರವರೆಗೆ ಕಟ್ಟಿಯಾಗಿದೆ. ಎಂಟನೆಯದಕ್ಕೆ ಕಾಲಿಟ್ಟರೆ ಹಣೆಗೆ ಕಾಂಕ್ರೀಟು.

ಪೆರುಮಾಳ್ ತಗ್ಗಿದ ದನಿಯಲ್ಲಿ ಹೇಳಿದರು, "ಸೆಲ್ವ ತಪ್ಪು ಓದ್ದ ಅಂತ ನಾ ಹೇಳ್ತೀನಿ. ನಂಗೇನು, ನಾಲ್ಕು ಬೈಗುಳ ತಿಂದ್ರೆ ಆಯ್ತು. ನಿಮ್ಗೆ ಹಂಗಲ್ಲ. ಲೋಕೇಶಪ್ಪ ಊರೆಲ್ಲ ಡಂಗುರ ಹೊಡೀತಾನೆ. ಆಮೇಲೆ ಕಾಂಪೌಂಡ್ ಗೋಡೆ ಕಟ್ಸೋಕೂ ನಿಮ್ಮ ಹತ್ರ ಯಾರೂ ಬರಲ್ಲ. ನೀವು ಸುಮ್ನಿರಿ."

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಆಸೆಯಾಯಿತು. ಆ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇಷ್ಟು ವರ್ಷ ನಾನು ಯಾರನ್ನು ಬಾಗಿಲಿನಿಂದ ವಾಪಸ್ ಕಳಿಸಿದ್ದೆ? ತಪ್ಪನ್ನು ಪ್ಲಾಸ್ಟರಿನ ಕೆಳಗೆ ಮುಚ್ಚುವವರನ್ನು. ಈಗ ಸೆಲ್ವನ ಹೆಸರಿನ ಕೆಳಗೆ ನನ್ನ ತಪ್ಪು ಮುಚ್ಚಿದರೆ ನಾನು ಅವರಿಗಿಂತ ಕಡೆ. ಹೆಂಗಸು ತಪ್ಪು ಮಾಡಿದರೆ ಊರು ಮಾತಾಡುತ್ತದೆ, ನಿಜ. ಗಂಡಸರು ಮಾಡಿದ ತಪ್ಪುಗಳ ಒಳಗೆ ಇದೇ ಊರು ಸಂಸಾರ ಮಾಡಿಕೊಂಡಿದೆ, ಅದೂ ನಿಜ.

"ನಡೀರಿ ಭದ್ರಾವತಿಗೆ" ಎಂದೆ.

ಸೈಟಿನಲ್ಲಿ ಬಸವಣ್ಯಪ್ಪ, ನಾಗರತ್ನಮ್ಮ ಇದ್ದರು. ಹಾಳಾದವನು ಲೋಕೇಶನೂ ಇದ್ದ. ಕೆಲಸದವರೆಲ್ಲ ಕೇಳುವ ಹಾಗೆ ಹೇಳಿದೆ. ಇದು ಮೇಸ್ತ್ರಿಯ ತಪ್ಪಲ್ಲ, ಸೆಲ್ವನ ತಪ್ಪಲ್ಲ, ಪರೀಕ್ಷೆಗೆಂದು ಬೇಕೆಂದೇ ತಪ್ಪು ಬರೆದಿದ್ದ ಹಾಳೆಯನ್ನು ಸೈಟಿಗೆ ಕಳಿಸಿದವಳು ನಾನು, ಅದರಂತೆಯೇ ಅಳೆದು ಸರಿ ಎಂದವಳೂ ನಾನು. ಸ್ಲ್ಯಾಬಿನ ಆ ಮೂರು ಅಡಿ ಒಡೆದು ಅಂಚಿಗೆ ಹೊಸ ಬೀಮ್ ಕೊಡಬೇಕು, ಅದರ ಖರ್ಚು ನನ್ನದು.

ಲೋಕೇಶ ಕಾಯುತ್ತಿದ್ದವನಂತೆ, "ನೋಡಿದ್ರಾ ಭಾವ? ಬೇಕಂತಲೇ ತಪ್ಪು ಬರೆದು ಆಟ ಆಡೋರನ್ನ ಎಲ್ಲಾದ್ರೂ ಕಂಡಿದೀರಾ? ಹೆಂಗಸ್ರ ಕೈಗೆ ಮನೆ ಕೊಟ್ರೆ ಇದೇ ಆಗೋದು" ಎಂದ.

"ಬೇಕಂತಲೇ ಬರೆದೆ ಲೋಕೇಶಪ್ಪ" ಎಂದೆ. "ನಿಮ್ಮ ದೋಸ್ತಿಗೆ ಅದು ಕಾಣಲಿಲ್ಲ, ಪೆರುಮಾಳ್‌ಗೆ ಕಾಣಿಸಿತು. ಅದು ಇವತ್ತಿಗೂ ಸರಿಯೇ. ಹಾಳೆ ಅದಲು ಬದಲು ಮಾಡಿದ್ದು ನನ್ನ ತಪ್ಪು. ಎರಡನ್ನೂ ಕಲಸಬೇಡಿ."

ಬಸವಣ್ಯಪ್ಪ ಏಳನೆಯ ಮೆಟ್ಟಿಲಿನವರೆಗೆ ಹೋಗಿ ಕತ್ತು ಬಗ್ಗಿಸಿ, ತಲೆಯ ಮೇಲಿನ ಸ್ಲ್ಯಾಬನ್ನು ಅಂಗೈಯಿಂದ ಮುಟ್ಟಿ ನೋಡಿದರು. ಇಳಿದು ಬಂದು ಭಾವಮೈದುನನಿಗೆ, "ಲೋಕೇಶ, ಕುಲುಮೆ ಹತ್ರ ತಪ್ಪು ಮಾಡಿ ಬಾಯಿ ಮುಚ್ಕೊಂಡೋನಿಂದ ಪಕ್ಕದೋನ ಕೈ ಹೋಗೋದು. ಇವ್ರು ಬಾಯಿ ಬಿಟ್ರು. ನೀನು ಸುಮ್ನಿರು ಮಾರಾಯ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಒಡೀರಿ ಮೇಡಂ. ಆದ್ರೆ ಕ್ವಾಟ್ರಸ್ ಬಿಡೋ ದಿನ ಮುಂದಕ್ಕೆ ಹೋಗಲ್ಲ. ಅದು ನನ್ ಕೈಲಿಲ್ಲ" ಎಂದರು.

ನಾನು ಏಣಿಯಿಂದ ಸ್ಲ್ಯಾಬಿನ ಮೇಲೆ ಹತ್ತಿ ದೊಡ್ಡ ಸುತ್ತಿಗೆ ಕೇಳಿದೆ. ಯಾರೂ ಕೊಡಲಿಲ್ಲ. ಇನ್ನೊಂದು ಸಲ ಕೇಳಿದ ಮೇಲೆ ಸೆಲ್ವ ಕೊಟ್ಟ. "ಸೆರಗು ಸಿಗಿಸ್ಕೊಳ್ಳಿ ಮೇಡಂ" ಎಂದು ನಾಗರತ್ನಮ್ಮ ಕೆಳಗಿನಿಂದ ಕೂಗಿದರು. ಮೊದಲ ಪೆಟ್ಟಿಗೆ ಸ್ಲ್ಯಾಬಿಗೇನೂ ಆಗಲಿಲ್ಲ, ನನ್ನ ಭುಜದವರೆಗೆ ಜುಮ್ಮೆಂದಿತು. ಐದನೆಯದಕ್ಕೋ ಆರನೆಯದಕ್ಕೋ ಒಂದು ಚೂರು ಎದ್ದಿತು. ಕಾಂಕ್ರೀಟು ಎಷ್ಟು ಗಟ್ಟಿಯಾಗಿತ್ತೆಂದರೆ ಪೆರುಮಾಳ್ ತಂಡದ ಮೇಲೆ ಹೆಮ್ಮೆಯೂ, ನನ್ನ ಮೇಲೆ ಅಸಹ್ಯವೂ ಒಟ್ಟಿಗೇ ಬಂದವು.

ಸುತ್ತಿಗೆ ವಾಪಸ್ ತೆಗೆದುಕೊಳ್ಳುವಾಗ ಸೆಲ್ವ ನನ್ನ ಮುಖ ನೋಡದೆ ಹೇಳಿದ, "ಸೆಂಟ್ರಿಂಗ್ ಹೊಡೆಯೋವಾಗ್ಲೇ ನಂಗೆ ಅನ್ನಿಸ್ತು ಮೇಡಂ, ಕಿಂಡಿ ಸಣ್ಣ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವೇ ಟೇಪ್ ಹಿಡಿದು ಸರಿ ಅಂದ್ರಲ್ಲ. ನಿಮ್ಗೆ ಹೆಂಗೆ ಹೇಳೋದು?"

ಲೋಕೇಶನ ಯಾವ ಮಾತೂ ತಟ್ಟದ ಕಡೆ ಇದು ತಟ್ಟಿತು. ತಪ್ಪನ್ನು ತಪ್ಪು ಎನ್ನುವ ಮೇಸ್ತ್ರಿ ಬೇಕೆಂದು ಊರೆಲ್ಲ ಬಲೆ ಬೀಸಿದವಳು ನಾನು. ಅಂಥವನು ನನ್ನ ಪಕ್ಕದಲ್ಲೇ, ಕೈಯಲ್ಲಿ ಮೊಳೆ ಹಿಡಿದು ನಿಂತಿದ್ದ. ಅವನಿಗೆ ಬಾಯಿ ತೆರೆಯಲು ಹೆದರಿಕೆಯಾಗುವಂಥ ಹೆಂಗಸಾಗಿ ನಾನು ನಿಂತಿದ್ದೆ. ಗಂಡಸರು ಮಾತು ಕೇಳಲಿ ಎಂದು ಜೋರು ಕಲಿತಿದ್ದೆ. ಆ ಜೋರು ಕಲಿಯದಿದ್ದರೆ ಏಣಿಯನ್ನೇ ಹತ್ತುತ್ತಿರಲಿಲ್ಲ, ಹಾಗಾಗಿ ಅದಕ್ಕೆ ಕ್ಷಮೆ ಕೇಳುವುದಿಲ್ಲ. ಆದರೆ ಜೋರಿಗೂ ಒಂದು ಕಿಂಡಿ ಬಿಡಬೇಕಿತ್ತು.

ಗೊತ್ತಾದ ದಿನಕ್ಕೆ ಬಸವಣ್ಯಪ್ಪನವರು ಕ್ವಾಟ್ರಸ್ಸಿನ ಬೀಗದ ಕೈ ಒಪ್ಪಿಸಿ ಹೊಸ ಮನೆಗೆ ಬಂದರು. ಹೊರಗೋಡೆಗೆ ಪ್ಲಾಸ್ಟರ್ ಇರಲಿಲ್ಲ, ಮೆಟ್ಟಿಲಿಗೆ ಕಂಬಿಯ ಕಟಕಟೆ ಇರಲಿಲ್ಲ. ನಾಗರತ್ನಮ್ಮ ಮರುದಿನವೇ ಮೇಲೆ ಕ್ಲಾಸು ಶುರು ಮಾಡಿದರು. ಲೋಕೇಶ ಹೇಳಿಕೊಂಡು ತಿರುಗಿದ್ದರಿಂದ ಆ ವರ್ಷ ನನಗೆ ಭದ್ರಾವತಿಯಲ್ಲಿ ಒಂದು ಮನೆಯೂ ಸಿಗಲಿಲ್ಲ. ಮುಂದಿನ ವರ್ಷ ಒಂದು ಸಿಕ್ಕಿತು. ನಾಗರತ್ನಮ್ಮನ ಶಿಷ್ಯೆಯೊಬ್ಬಳ ಮನೆಯದು.

ತಪ್ಪಿನ ಹಾಳೆ ಕೊಡುವುದನ್ನು ಬಿಟ್ಟೆನೇ? ಇಲ್ಲ. ಟ್ರೇಸಿಂಗ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಕೊಟ್ಟೆ, ಮೇಲೆ ಕೆಂಪಕ್ಷರದಲ್ಲಿ "ಇದು ಕಟ್ಟುವುದಕ್ಕಲ್ಲ" ಎಂದು ಬರೆದು. ಕೆಂಪಕ್ಷರ ನೋಡಿಯೂ ತಪ್ಪು ಕಾಣದವರು ಅಷ್ಟೇ ಜನ ಇದ್ದರು. ಆದರೆ ಸ್ಲ್ಯಾಬ್ ಹಾಕುವ ಮೊದಲು ಟೇಪನ್ನು ಕೆಲಸದವನ ಕೈಗೆ ಕೊಟ್ಟು, "ನನ್ನ ತಪ್ಪು ಹುಡುಕು" ಎನ್ನುವುದನ್ನು ಹೊಸದಾಗಿ ಕಲಿತೆ. ನಂಬುವಂಥ ಮೇಸ್ತ್ರಿ ಎಲ್ಲಿ ಸಿಗುತ್ತಾನೆ ಎಂದು ಕೇಳುವ ಮಕ್ಕಳೇ, ಅವನು ನಿಮಗೆ "ತಪ್ಪು" ಎಂದ ದಿನ ನಿಮ್ಮ ಮುಖ ಹೇಗಿರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.

"ನನ್ನ ತಪ್ಪು ಹುಡುಕು" ಎಂದು ನಾನು ಮೊದಲ ಸಲ ಹೇಳಿದ್ದು ಆ ಒಡೆದ ಅಂಚಿಗೆ ಬೀಮಿನ ಕಂಬಿ ಕಟ್ಟುವಾಗ. ಸಣ್ಣಗೆ ಮಳೆ ಹನಿಯುತ್ತಿತ್ತು, ಟಾರ್ಪಾಲಿನ ಕೆಳಗೆ ಎಲ್ಲರೂ ಒತ್ತಿಕೊಂಡು ನಿಂತಿದ್ದೆವು. ಸೆಲ್ವ ಬಹಳ ಹೊತ್ತು ಟೇಪು ಹಿಡಿದು ನೋಡಿದ. ಮೇಸ್ತ್ರಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಮೇಡಂ, ಕೆಳಗಡೆ ಮೂರು ಕಂಬಿ ಸಾಲಲ್ಲ, ಇನ್ನೊಂದು ಬೇಕು" ಎಂದ. ನಾನು ಲೆಕ್ಕ ಹಾಕಿಯೇ ಬರೆದಿದ್ದೆ, ನಂಜುಂಡಯ್ಯನವರ ಹತ್ತಿರ ಹೋಗಿ ತೋರಿಸಿಯೂ ಬಂದಿದ್ದೆ. ಮೂರು ಧಾರಾಳವಾಗಿ ಸಾಕಾಗಿತ್ತು, ಸೆಲ್ವ ಹೇಳಿದ್ದು ತಪ್ಪು. "ಹಾಕು" ಎಂದೆ. ಭದ್ರಾವತಿಯ ಆ ಮನೆಯಲ್ಲಿ, ಮೆಟ್ಟಿಲಿನ ಮೇಲೆ, ಆ ನಾಲ್ಕನೆಯ ಕಂಬಿ ಇನ್ನೂ ಇದೆ. ಬೀಮಿಗೆ ಅದು ಬೇಕಿರಲಿಲ್ಲ.